ತಪಾಸಣೆ ಆಗಿತ್ತು, ಆದರೂ ಸೇತುವೆ ಬಿದ್ದದ್ದು ಹೇಗೆ?

2024ರ ಸೆಪ್ಟೆಂಬರ್ 11ರಂದು ನಸುಕಿನ ಮೂರು ಗಂಟೆಯ ಸುಮಾರಿಗೆ ಜರ್ಮನಿಯ ಡ್ರೆಸ್ಡೆನ್ ನಗರದ ಕರೋಲಾ ಸೇತುವೆಯ ಒಂದು ಭಾಗ ಎಲ್ಬೆ ನದಿಗೆ ಕುಸಿಯಿತು. ಬಿದ್ದದ್ದು ಟ್ರಾಮ್ ಹಳಿಗಳಿದ್ದ ಭಾಗ. ಟ್ರಾಮ್ ಒಂದು ದಾಟಿಹೋಗಿ ಕೆಲವೇ ನಿಮಿಷಗಳಾಗಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. 1971ರಲ್ಲಿ ಮುಗಿದ ಆ ಸೇತುವೆ ಅಕ್ಕಪಕ್ಕ ನಿಂತ ಮೂರು ಭಾಗಗಳಿಂದಾಗಿತ್ತು. ಎರಡರ ದುರಸ್ತಿ ಮುಗಿದಿತ್ತು. ಬಿದ್ದ ಮೂರನೆಯದರ ಸರದಿ 2025ಕ್ಕೆ ಬರುವುದಿತ್ತು.

ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲಿ, ಅಮೆರಿಕದ ಪ್ರಾವಿಡೆನ್ಸ್ ನಗರದ ವಾಷಿಂಗ್ಟನ್ ಸೇತುವೆಯ ಒಂದು ಬದಿಯನ್ನು ರಾತ್ರೋರಾತ್ರಿ ಎಂಬಂತೆ ಮುಚ್ಚಲಾಯಿತು. ಅದೇ ಜುಲೈನಲ್ಲಿ ತಪಾಸಣೆ ನಡೆದು, ಸೇತುವೆ ಸಂಚಾರಕ್ಕೆ ತೆರೆದೇ ಇತ್ತು. 2025ರ ಜುಲೈ 9ರಂದು ಗುಜರಾತಿನ ಮಹಿ ನದಿಯ ಗಂಭೀರಾ ಸೇತುವೆಯ ಒಂದು ಅಂಕಣ (ಎರಡು ಕಂಬಗಳ ನಡುವಿನ ಭಾಗ) ಬೆಳಗಿನ ಸಂಚಾರದ ನಡುವೆಯೇ ಕಳಚಿ ಬಿದ್ದು ಇಪ್ಪತ್ತರಷ್ಟು ಜನ ಸತ್ತರು. ಅದಕ್ಕೆ ಇನ್ನೂ ನಲವತ್ತೇ ವರ್ಷ.

ಇಂಥ ಸುದ್ದಿ ಓದಿದವರಿಗೆ ಸಹಜವಾಗಿ ಮೂರು ಗೊಂದಲಗಳು ಹುಟ್ಟುತ್ತವೆ. ತಪಾಸಣೆ ಆಗಿದ್ದರೆ ಬಿದ್ದದ್ದು ಯಾಕೆ? ನಿನ್ನೆ ಬಸ್ಸು ಓಡಿದ ಸೇತುವೆ ಇವತ್ತು ಅಪಾಯಕಾರಿ ಆದದ್ದು ಹೇಗೆ? ದೋಷ ಗೊತ್ತಿದ್ದೂ ವರ್ಷಗಟ್ಟಲೆ ದುರಸ್ತಿ ಆಗದಿರಲು ಕಾರಣವೇನು? ಮೂರಕ್ಕೂ ಉತ್ತರಗಳಿವೆ, ಮತ್ತು ಅವು ಒಂದಕ್ಕೊಂದು ಹೆಣೆದುಕೊಂಡಿವೆ. ಸೇತುವೆಯನ್ನು ನೋಡುವವರು ಒಬ್ಬರು, ನೋಡಿದ್ದರ ಮೇಲೆ ನಿರ್ಧಾರ ಮಾಡುವವರು ಇನ್ನೊಬ್ಬರು, ಹಣ ಕೊಡುವವರು ಮತ್ತೊಬ್ಬರು. ಈ ಮೂವರ ನಡುವೆ ವರದಿ ಕೈ ಬದಲಾಯಿಸುವಾಗ ಆಗುವ ವಿಳಂಬವೇ ಹಳೆಯ ಸೇತುವೆಗಳ ದೊಡ್ಡ ಶತ್ರು. ತುಕ್ಕು ಎರಡನೆಯದು.

ಸೇತುವೆಗೆ ವಯಸ್ಸಾಗುವುದು ಹೇಗೆ

ವಯಸ್ಸೊಂದೇ ಸೇತುವೆಯನ್ನು ಕೆಡವುವುದಿಲ್ಲ. ನೂರು ವರ್ಷ ದಾಟಿದ ಕಲ್ಲಿನ ಕಮಾನುಗಳು ಗಟ್ಟಿಯಾಗಿ ನಿಂತಿರುವುದನ್ನೂ ನಲವತ್ತು ವರ್ಷದ ಕಾಂಕ್ರೀಟ್ ಗರ್ಡರುಗಳು (ರಸ್ತೆಯನ್ನು ಹೊರುವ ತೊಲೆಗಳು) ಸವೆದುಹೋಗಿರುವುದನ್ನೂ ಎಲ್ಲೆಡೆ ಕಾಣಬಹುದು. ವ್ಯತ್ಯಾಸ ಮಾಡುವುದು ಮುಖ್ಯವಾಗಿ ನೀರು.

ಹೊಸ ಕಾಂಕ್ರೀಟ್ ತೀವ್ರ ಕ್ಷಾರೀಯ. ಆ ಕ್ಷಾರ ಒಳಗಿನ ಉಕ್ಕಿನ ಸರಳುಗಳ ಮೇಲೆ ತೆಳುವಾದ ರಕ್ಷಾಪದರವನ್ನು ಉಳಿಸಿಕೊಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳು ಉರುಳಿದಂತೆ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಕ್ಷಾರ ತಗ್ಗುತ್ತದೆ. ಕಡಲ ಗಾಳಿಯ ಉಪ್ಪು, ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಈ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತವೆ. ರಕ್ಷಾಪದರ ಹೋದ ಮೇಲೆ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಾದ ಉಕ್ಕು ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕಿನಿಂದ ಇನ್ನಷ್ಟು ನೀರು ಒಳಗಿಳಿದು, ತುಕ್ಕು ಇನ್ನಷ್ಟು ಹೆಚ್ಚುತ್ತದೆ. ಸೇತುವೆಯ ತಳದಲ್ಲಿ ಸಿಮೆಂಟು ಉದುರಿ ಸರಳುಗಳು ಎದ್ದು ಕಾಣುವ ಹೊತ್ತಿಗೆ ಈ ಪ್ರಕ್ರಿಯೆ ಬಹಳ ದೂರ ಬಂದಿರುತ್ತದೆ.

ಎರಡು ಅಂಕಣಗಳ ನಡುವೆ ಬಿಸಿಲಿಗೆ ಹಿಗ್ಗಲು, ಚಳಿಗೆ ಕುಗ್ಗಲು ಬಿಡುವ ಜಾಯಿಂಟುಗಳಿರುತ್ತವೆ. ವಾಹನಗಳ ಹೊಡೆತಕ್ಕೆ ಮೊದಲು ಹಾಳಾಗುವುದು ಅವೇ. ಜಾಯಿಂಟಿನ ರಬ್ಬರು ಹರಿದರೆ ರಸ್ತೆಯ ಕೊಳೆನೀರು ನೇರವಾಗಿ ಗರ್ಡರಿನ ತುದಿಗೂ ಅದು ಜರುಗಲು ಬಿಡುವ ಅಡಿಯ ಪೀಠಕ್ಕೂ, ಅಂದರೆ ಬೇರಿಂಗಿಗೂ, ಇಳಿಯುತ್ತದೆ. ಬೇರಿಂಗ್ ತುಕ್ಕು ಹಿಡಿದು ಬಿಗಿದುಕೊಂಡರೆ ಸೇತುವೆ ಹಿಗ್ಗಲಾರದೆ ತನ್ನ ಬಲವನ್ನೆಲ್ಲ ಕಂಬದ ತಲೆಯ ಮೇಲೆ ಹಾಕುತ್ತದೆ. ಅಗ್ಗದ ಒಂದು ರಬ್ಬರ್ ಪಟ್ಟಿಯನ್ನು ಸಕಾಲಕ್ಕೆ ಬದಲಿಸದೆ ಹೋದರೆ ಕಂಬದ ತಲೆಯನ್ನೇ ಒಡೆದು ಕಟ್ಟಬೇಕಾಗುತ್ತದೆ.

ನೀರಿನ ಇನ್ನೊಂದು ಕೆಲಸ ಕಂಬದ ಬುಡದಲ್ಲಿ ನಡೆಯುತ್ತದೆ. ಪ್ರವಾಹದ ವೇಗಕ್ಕೆ ಅಡಿಪಾಯದ ಸುತ್ತಲಿನ ಮರಳು ಕೊಚ್ಚಿಹೋಗಿ ಹೊಂಡ ಬೀಳುತ್ತದೆ. ನೀರು ಇಳಿಯುವಾಗ ಹೊಂಡದಲ್ಲಿ ಸಡಿಲ ಹೂಳು ತುಂಬಿಕೊಳ್ಳುವುದರಿಂದ ಮೇಲಿನಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಕ್ರೀಕ್ ಸೇತುವೆ ಹೀಗೆ ಬುಡ ಕಳೆದುಕೊಂಡು ಬಿದ್ದಾಗ ಹತ್ತು ಜನ ಸತ್ತರು.

ಇನ್ನು ಭಾರ. ಐವತ್ತು ಅರವತ್ತು ವರ್ಷದ ಹಿಂದಿನ ವಿನ್ಯಾಸಕಾರರು ಲೆಕ್ಕ ಹಾಕಿದ ಲಾರಿಗೂ ಇಂದಿನ ಬಹು ಆಕ್ಸಲ್ ಟ್ರಕ್ಕಿಗೂ ಹೋಲಿಕೆಯೇ ಇಲ್ಲ. ಭಾರ ಏರಿ ಇಳಿದಂತೆಲ್ಲ ಉಕ್ಕು ಬಳಲುತ್ತದೆ. ಆ ಬಳಲಿಕೆ ಒತ್ತಡದ ಏರಿಳಿತದ ಘನಕ್ಕೆ ಹೆಚ್ಚು ಕಡಿಮೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ಒತ್ತಡ ದುಪ್ಪಟ್ಟಾದರೆ ಹಾನಿ ಎಂಟು ಪಟ್ಟು. ಮಿತಿ ಮೀರಿ ತುಂಬಿದ ಲಾರಿಗಳನ್ನು ತಡೆಯುವುದು ಸಾರಿಗೆ ಇಲಾಖೆಯ ಕೆಲಸವಾದರೂ ಅದರ ಫಲ ಕಾಣುವುದು ಸೇತುವೆಯ ಆಯುಸ್ಸಿನಲ್ಲಿ.

ಕಣ್ಣಿಗೆ ಬೀಳುವುದು, ಬೀಳದಿರುವುದು

ಅಮೆರಿಕದಲ್ಲಿ ರಾಷ್ಟ್ರಮಟ್ಟದ ನಿಯಮಬದ್ಧ ತಪಾಸಣೆ ಶುರುವಾದದ್ದೇ ಒಂದು ದುರಂತದಿಂದ. 1967ರ ಡಿಸೆಂಬರ್ 15ರ ಸಂಜೆ ಅಮೆರಿಕದ ಓಹಾಯೊ ನದಿಯ ಸಿಲ್ವರ್ ಸೇತುವೆ ವಾಹನಗಳ ಸಮೇತ ಬಿದ್ದು 46 ಮಂದಿ ಸತ್ತರು. ತೂಗುಸರಪಳಿಯ ಒಂದು ಕೊಂಡಿಯಲ್ಲಿ ಕೆಲವೇ ಮಿಲಿಮೀಟರ್ ಆಳದ ಬಿರುಕಿತ್ತು. ಸರಪಳಿಯನ್ನು ಬಿಚ್ಚದೆ ಅದನ್ನು ಯಾರೂ ನೋಡುವಂತಿರಲಿಲ್ಲ. ಮರುವರ್ಷ ಕಾನೂನು ಬಂತು, 1971ರಲ್ಲಿ ರಾಷ್ಟ್ರಮಟ್ಟದ ತಪಾಸಣಾ ಮಾನದಂಡಗಳು ಜಾರಿಗೆ ಬಂದವು. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ತಪಾಸಣೆ ನಡೆಸಿ ಡೆಕ್ (ವಾಹನ ಓಡುವ ಹಾಸು), ಅದನ್ನು ಹೊರುವ ಮೇಲ್ಭಾಗ, ಕಂಬಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಕಳಪೆ’. ಜರ್ಮನಿಯಲ್ಲಿ ಆರು ವರ್ಷಕ್ಕೊಮ್ಮೆ ಮುಖ್ಯ ತಪಾಸಣೆ, ನಡುವೆ ಮೂರನೇ ವರ್ಷಕ್ಕೆ ಸರಳ ತಪಾಸಣೆ.

‘ಕಳಪೆ’ ಎಂಬ ಪದ ಸುದ್ದಿಯಲ್ಲಿ ಬಂದರೆ ಜನ ಹೆದರುತ್ತಾರೆ. ನಾಳೆಯೇ ಬೀಳುತ್ತದೆ ಎಂದು ಅದರರ್ಥವಲ್ಲ. ಭಾರ ಹೊರುವ ಯಾವುದೋ ಭಾಗದಲ್ಲಿ ಗಂಭೀರ ಸವೆತವಿದೆ, ಕೆಲಸ ಆಗಬೇಕು ಎಂದಷ್ಟೇ. ಅಮೆರಿಕದ 6 ಲಕ್ಷಕ್ಕೂ ಹೆಚ್ಚು ಸೇತುವೆಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಈ ವರ್ಗದಲ್ಲಿವೆ. ಅವುಗಳಲ್ಲಿ ಬಹುತೇಕ ಎಲ್ಲದರ ಮೇಲೂ ವಾಹನಗಳು ಓಡಾಡುತ್ತಿವೆ. ಆದರೆ ಹೀಗೆ ಸಾವಿರಗಟ್ಟಲೆ ಸೇತುವೆಗಳು ಒಂದೇ ಹೆಸರಿನಡಿ ಬಂದರೆ ಅವುಗಳಲ್ಲಿ ನಿಜವಾಗಿ ಅಪಾಯದಲ್ಲಿರುವುದು ಯಾವುದು ಎಂಬುದು ಮರೆಯಾಗುತ್ತದೆ. ಎಚ್ಚರಿಕೆಗೆಂದು ಇಟ್ಟ ಪದ ಕಡತದ ವಾಡಿಕೆಯ ಪದವಾಗಿಬಿಡುತ್ತದೆ.

ತಪಾಸಣೆಯೆಂದರೆ ಬಹುಪಾಲು ಇಂದಿಗೂ ಕಣ್ಣಿನಿಂದ ನೋಡುವುದು, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು. ಗಟ್ಟಿ ಕಾಂಕ್ರೀಟ್ ಖಣಖಣ ಎನ್ನುತ್ತದೆ, ಪದರ ಬಿಟ್ಟ ಜಾಗ ಪೊಳ್ಳು ಸದ್ದು ಕೊಡುತ್ತದೆ. ಅನುಭವಿಯ ಕೈಯಲ್ಲಿ ಇದು ಒಳ್ಳೆಯ ವಿಧಾನವೇ. ಆದರೆ ಎಲ್ಲರ ಕಣ್ಣೂ ಒಂದೇ ಅಲ್ಲ. ಅಮೆರಿಕದ ಹೆದ್ದಾರಿ ಆಡಳಿತ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 49 ತಪಾಸಕರಿಗೆ ಅವೇ ಸೇತುವೆಗಳನ್ನು ತೋರಿಸಿ ಅಂಕ ಕೇಳಲಾಯಿತು. ಸರಾಸರಿಯಿಂದ ಒಂದು ಅಂಕದ ಅಂತರದೊಳಗೆ ಬಂದದ್ದು ಸುಮಾರು ಶೇ 68ರಷ್ಟು ಉತ್ತರಗಳು ಮಾತ್ರ. ಒಬ್ಬರಿಗೆ ಐದಾಗಿ ಕಂಡದ್ದು ಇನ್ನೊಬ್ಬರಿಗೆ ಮೂರಾಗಿ ಕಂಡರೆ ಒಂದೇ ಸೇತುವೆ ಎರಡು ಬೇರೆ ಬೇರೆ ಪಟ್ಟಿಗಳಲ್ಲಿ ಸೇರುತ್ತದೆ. 2019ರ ಮಾರ್ಚ್‌ನಲ್ಲಿ ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್ ಪಕ್ಕದ ಪಾದಚಾರಿ ಸೇತುವೆ ಜನರ ಮೇಲೆ ಕುಸಿಯಿತು. ಅದಕ್ಕೆ ಸಣ್ಣಪುಟ್ಟ ದುರಸ್ತಿ ಸಾಕು ಎಂದು ತಪಾಸಣಾ ವರದಿಯೊಂದು ಮೊದಲೇ ಹೇಳಿಯಾಗಿತ್ತು.

ಕಾಂಕ್ರೀಟಿನೊಳಗೆ ಬಿಗಿದ ಕೇಬಲ್‌ಗಳ ವಿಷಯ ಇನ್ನೂ ಕಠಿಣ. 1950ರ ದಶಕದಿಂದ ಈಚೆಗೆ ಕಟ್ಟಿದ ಸೇತುವೆಗಳಲ್ಲಿ ಬಹಳಷ್ಟಕ್ಕೆ ಶಕ್ತಿ ಕೊಡುವುದು ಕೊಳವೆಗಳೊಳಗೆ ಜಗ್ಗಿ ಕಟ್ಟಿದ ಉಕ್ಕಿನ ತಂತಿಗಳು. ಕೊಳವೆಗೆ ತುಂಬಿದ ಸಿಮೆಂಟು ಹಾಲಿನಲ್ಲಿ ಟೊಳ್ಳು ಉಳಿದಿದ್ದರೆ ಅಲ್ಲಿ ತೇವ ಸೇರಿ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗೆ ಬಿರುಕಿಲ್ಲ, ತುಕ್ಕಿನ ಕಲೆಯಿಲ್ಲ. 1985ರ ಡಿಸೆಂಬರ್‌ನಲ್ಲಿ ವೇಲ್ಸ್‌ನ ಸಣ್ಣದೊಂದು ಸೇತುವೆ ಯಾವ ಮುನ್ಸೂಚನೆಯೂ ಇಲ್ಲದೆ ಹೀಗೆ ಬಿತ್ತು. ಕೊನೆಗೆ 1992ರಲ್ಲಿ ಬ್ರಿಟನ್ ಆ ಬಗೆಯ ಹೊಸ ಸೇತುವೆಗಳನ್ನು ಕಟ್ಟುವುದನ್ನೇ ಕೆಲವು ವರ್ಷ ನಿಲ್ಲಿಸಿತು. ಡ್ರೆಸ್ಡೆನ್‌ನಲ್ಲಿ ಆದದ್ದೂ ಇದರ ಸೋದರ ಕಾಯಿಲೆಯೇ. ಆ ಕಾಲದ ಒಂದು ಬಗೆಯ ಉಕ್ಕು ತೇವಕ್ಕೆ ಸಿಕ್ಕಿದರೆ ಒತ್ತಡದಲ್ಲಿ ಸೀಳುವ ಸ್ವಭಾವದ್ದು. ಹಾನಿ ಕಟ್ಟುವ ಕಾಲದಲ್ಲೇ ಶುರುವಾಗಿತ್ತೆಂದು ತನಿಖೆಯಲ್ಲಿ ಕಂಡುಬಂತು. ವಾಡಿಕೆಯ ತಪಾಸಣೆಯನ್ನು ಎಷ್ಟೇ ಪ್ರಾಮಾಣಿಕವಾಗಿ ನಡೆಸಿದರೂ ಅಂಥದ್ದು ಸಿಗುವುದು ಕಷ್ಟ.

ಹಾಗಾದರೆ ಉಪಾಯವಿಲ್ಲವೇ? ಇದೆ, ಆದರೆ ದುಬಾರಿ. ಅಲ್ಟ್ರಾಸಾನಿಕ್ ತರಂಗ, ರಾಡಾರ್, ಸರಳಿನ ತುಕ್ಕನ್ನು ವಿದ್ಯುತ್ ವಿಭವದಿಂದ ಅಳೆಯುವುದು, ತಂತಿ ತುಂಡಾದಾಗಿನ ಸದ್ದನ್ನು ಹಿಡಿಯುವ ಸಂವೇದಕಗಳು, ಲೆಕ್ಕ ಹಾಕಿದ ಭಾರವನ್ನು ನಿಲ್ಲಿಸಿ ಸೇತುವೆ ಎಷ್ಟು ಬಾಗುತ್ತದೆಂದು ನೋಡುವ ಭಾರ ಪರೀಕ್ಷೆ ಇವೆಲ್ಲ ಬಳಕೆಯಲ್ಲಿವೆ. ಎಲ್ಲ ಸೇತುವೆಗಳಿಗೂ ಇವನ್ನೆಲ್ಲ ಮಾಡಿಸಲು ಯಾವ ನಗರದ ಬಳಿಯೂ ದುಡ್ಡಿಲ್ಲ, ಮಾಡಿಸುವ ಅಗತ್ಯವೂ ಇಲ್ಲ. ಯಾವ ಸೇತುವೆ ಯಾವ ಕಾಲದ್ದು, ಯಾವ ಉಕ್ಕಿನದು, ಒಂದೇ ಒಂದು ಭಾಗ ಮುರಿದರೆ ಇಡೀ ರಚನೆ ಬೀಳುವಂಥದ್ದೋ ಅಲ್ಲವೋ ಎಂಬ ವಿವರ ಕಡತದಲ್ಲಿದ್ದರೆ ದುಬಾರಿ ಪರೀಕ್ಷೆ ಎಲ್ಲಿ ಬೇಕೆಂದು ತಿಳಿಯುತ್ತದೆ. ದೋಷಪೂರಿತ ಉಕ್ಕಿನ ಸುಳಿವು ಸಿಕ್ಕ ಕೂಡಲೇ ಜರ್ಮನಿಯಲ್ಲಿ ಅದೇ ಜಾತಿಯ ಇತರ ಸೇತುವೆಗಳನ್ನು ಹುಡುಕಲು ಸಾಧ್ಯವಾದದ್ದು ಹಳೆಯ ಕಡತಗಳು ಉಳಿದಿದ್ದವು ಎಂಬ ಕಾರಣಕ್ಕೇ. ಮೂಲ ನಕ್ಷೆಯೇ ಕಳೆದುಹೋಗಿರುವ ನಗರಗಳು ಮೊದಲು ಮಾಡಬೇಕಾದ ಖರ್ಚು ಡ್ರೋನ್ ಮೇಲಲ್ಲ, ದಾಖಲೆಯ ಮೇಲೆ.

ವರದಿ ಬಂದ ಮೇಲೆ ಆಗುವುದೇನು

ಕಾಣದ ದೋಷದಿಂದ ಬೀಳುವ ಸೇತುವೆಗಳಿವೆ, ಸರಿ. ಕಂಡೂ ಬಿದ್ದವುಗಳ ಕಥೆ ಇನ್ನೂ ನೋವಿನದು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೋ ಸೇತುವೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2022ರ ಜನವರಿ 28ರ ಬೆಳಿಗ್ಗೆ ಅದು ಒಂದು ಬಸ್ಸನ್ನೂ ಕೆಲವು ಕಾರುಗಳನ್ನೂ ಹೊತ್ತುಕೊಂಡೇ ಕಣಿವೆಗೆ ಇಳಿಯಿತು. ಕೆಲವರು ಗಾಯಗೊಂಡರು, ಯಾರೂ ಸಾಯಲಿಲ್ಲ. ಅದು ಬಣ್ಣ ಬಳಿಯುವ ಅಗತ್ಯವಿಲ್ಲದ ವಿಶೇಷ ಉಕ್ಕಿನ ಸೇತುವೆ. ಆ ಉಕ್ಕಿನ ಮೇಲ್ಮೈಯಲ್ಲಿ ತೆಳು ತುಕ್ಕಿನ ಪದರ ಕಟ್ಟಿಕೊಂಡು ಅದೇ ಒಳಗಿನ ಲೋಹವನ್ನು ಕಾಯುತ್ತದೆ. ಒಂದು ಷರತ್ತು ಮಾತ್ರ ಇದೆ: ಉಕ್ಕು ಒದ್ದೆಯಾದ ಮೇಲೆ ಒಣಗಬೇಕು. ಸದಾ ತೇವವಿದ್ದರೆ ಆ ಪದರ ನಿಲ್ಲುವುದಿಲ್ಲ, ಉಕ್ಕು ತಿಂದುಹೋಗುತ್ತಲೇ ಇರುತ್ತದೆ.

ಅಲ್ಲಿ ಆದದ್ದು ಅದೇ. ರಸ್ತೆಯ ನೀರು ಹೋಗಬೇಕಾದ ಕಿಂಡಿಗಳಲ್ಲಿ ಎಲೆ, ಕಸ ತುಂಬಿತ್ತು. ಮನೆಯ ತಾರಸಿಯ ಕೊಳವೆ ಕಟ್ಟಿಕೊಂಡರೆ ಗೋಡೆಯ ಮೇಲೆ ನೀರಿಳಿಯುವಂತೆ, ಮಳೆನೀರೂ ಉಪ್ಪುನೀರೂ ಸೇತುವೆಯ ಓರೆಗಾಲುಗಳ ಮೇಲೆ ಇಳಿದು ಬುಡದಲ್ಲಿ ಕಸದೊಂದಿಗೆ ನಿಂತವು. ಕಾಲಿನ ತಟ್ಟೆಗಳಲ್ಲಿ ತೂತುಗಳು ಬಿದ್ದವು. ತಪಾಸಕರು ಇದನ್ನು ನೋಡಲಿಲ್ಲ ಎಂದಲ್ಲ. 2011ರಿಂದ ಪ್ರತಿ ತಪಾಸಣೆಯಲ್ಲೂ ಸೇತುವೆಗೆ ‘ಕಳಪೆ’ ಅಂಕವೇ ಬಂದಿತ್ತು. ಕಿಂಡಿ ಬಿಡಿಸಿ, ಕಸ ತೆಗೆಯಿರಿ ಎಂಬ ಶಿಫಾರಸು ವರದಿಯಿಂದ ವರದಿಗೆ ಮರುಕಳಿಸಿತ್ತು. ಕೆಲಸ ಆಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರಲ್ಲಿ ಕೊಟ್ಟ ಅಂತಿಮ ವರದಿ ತುಕ್ಕು ತಿಂದ ಒಂದು ತಟ್ಟೆ ಮುರಿದದ್ದನ್ನು ಕುಸಿತದ ಕಾರಣವಾಗಿ ಗುರುತಿಸಿತು. ಅದರ ಹಿಂದಿನ ಕಾರಣವೆಂದು ಬೊಟ್ಟು ಮಾಡಿದ್ದು ಪದೇ ಪದೇ ಬಂದ ಶಿಫಾರಸುಗಳ ಮೇಲೆ ನಗರಾಡಳಿತ ಕ್ರಮ ಕೈಗೊಳ್ಳದಿದ್ದುದನ್ನು.

ಇನ್ನೂ ಒಂದು ಅಂಶವಿದೆ. ಸೇತುವೆಗೆ 26 ಟನ್ ಭಾರದ ಮಿತಿ ಹಾಕಲಾಗಿತ್ತು. ಆ ಲೆಕ್ಕದಲ್ಲಿ ರಸ್ತೆಯ ಡಾಂಬರಿನ ದಪ್ಪವನ್ನು ಇದ್ದದ್ದಕ್ಕಿಂತ ಬಹಳ ಕಡಿಮೆ ಎಂದು ಹಿಡಿದಿದ್ದರು. ಹಳೆಯ ಪದರ ಕೆರೆಯದೆ ಮೇಲೆ ಮೇಲೆ ಹಾಕಿದ ಡಾಂಬರು ಸೇತುವೆಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಹೊರಬೇಕಾದ ಹೊರೆ. ಸರಿಯಾಗಿ ಲೆಕ್ಕ ಹಾಕಿದ್ದರೆ ಸೇತುವೆಯನ್ನು ಮುಚ್ಚಬೇಕಾಗುತ್ತಿತ್ತು ಎಂದು ತನಿಖೆ ಹೇಳಿತು. ಕಸ ತೆಗೆಯುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಡ, ವಿಶೇಷ ಅನುದಾನವೂ ಬೇಡ. ಆದರೆ ಅದು ಯಾರ ಕೆಲಸ ಎಂದು ಬರೆದಿರಬೇಕು, ಮಾಡಿದ್ದನ್ನು ಯಾರೋ ಒಬ್ಬರು ಸಹಿ ಹಾಕಿ ದೃಢಪಡಿಸಬೇಕು. ಶಿಫಾರಸಿಗೆ ಗಡುವು ಇಲ್ಲದಿದ್ದರೆ, ಗಡುವು ಮೀರಿದಾಗ ಮೇಲಿನವರ ಮೇಜಿಗೆ ತಾನಾಗಿ ಹೋಗುವ ವ್ಯವಸ್ಥೆ ಇಲ್ಲದಿದ್ದರೆ, ಎಷ್ಟು ಸಲ ತಪಾಸಣೆ ಮಾಡಿಸಿದರೂ ವರದಿಗಳ ಕಟ್ಟು ದಪ್ಪವಾಗುವುದಷ್ಟೇ.

ನಿನ್ನೆ ತೆರೆದಿತ್ತು, ಇಂದು ಮುಚ್ಚಿದೆ

ದಿಢೀರ್ ಮುಚ್ಚುಗಡೆ ಜನರಿಗೆ ಸಿಟ್ಟು ತರಿಸುತ್ತದೆ. ಇಷ್ಟು ದಿನ ನಮ್ಮ ಪ್ರಾಣದ ಜೊತೆ ಆಡಿದರೇ ಎಂದು ಕೆಲವರು, ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು ಇನ್ನು ಕೆಲವರು. ಸಾಮಾನ್ಯವಾಗಿ ರಾತ್ರೋರಾತ್ರಿ ಬದಲಾಗಿರುವುದು ಸೇತುವೆಯಲ್ಲ, ಅದರ ಬಗೆಗಿನ ತಿಳಿವಳಿಕೆ. ಪ್ರಾವಿಡೆನ್ಸ್‌ನಲ್ಲಿ ಸೇತುವೆಯನ್ನು ಹಿಡಿದಿಟ್ಟಿದ್ದ ಉಕ್ಕಿನ ಕಂಬಿಗಳು ಮುರಿದಿದ್ದನ್ನು ಒಬ್ಬ ಎಂಜಿನಿಯರ್ ಗಮನಿಸಿದ ಮೇಲೆ ತೆರೆದಿಡುವ ಹಕ್ಕು ಯಾರಿಗೂ ಉಳಿಯಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಕುಸಿತದ ನಂತರ ಉಳಿದ ಸೇತುವೆಗಳನ್ನು ಮರುಪರಿಶೀಲಿಸಿದಾಗ ಚಾರ್ಲ್ಸ್ ಆಂಡರ್ಸನ್ ಸೇತುವೆಯನ್ನು 2023ರ ಫೆಬ್ರುವರಿಯಲ್ಲಿ ಮುಚ್ಚಬೇಕಾಯಿತು.

ಮುಚ್ಚುವುದಕ್ಕೂ ತೆರೆದಿಡುವುದಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ: ಭಾರಿ ವಾಹನ ನಿಷೇಧ, ಒಂದೇ ಪಥದ ಸಂಚಾರ, ವೇಗಮಿತಿ, ತಾತ್ಕಾಲಿಕ ಆಸರೆ ಕಂಬ, ಸಂವೇದಕಗಳ ನಿಗಾ. ಡ್ರೆಸ್ಡೆನ್‌ಗೆ ದೂರವಲ್ಲದ ಬಾದ್ ಶಾಂಡಾವ್ ಪಟ್ಟಣದ ಎಲ್ಬೆ ಸೇತುವೆಯನ್ನು 2024ರ ನವೆಂಬರ್‌ನಲ್ಲಿ ಮುಚ್ಚಿದರು. ಭಾರ ಪರೀಕ್ಷೆ ನಡೆಸಿ, ತಂತಿ ತುಂಡಾಗುವ ಸದ್ದು ಕೇಳುವ ಸಂವೇದಕ ಅಳವಡಿಸಿ, 2025ರ ಏಪ್ರಿಲ್‌ನಲ್ಲಿ ಹಗುರ ವಾಹನಗಳಿಗೆ ತೆರೆದರು. ಇದು ಸಮಂಜಸ ದಾರಿ. ಆದರೆ ಭಾರದ ಮಿತಿ ಕಾಗದದ ಮೇಲಷ್ಟೇ ಇದ್ದರೆ ಅದಕ್ಕೆ ಅರ್ಥವಿಲ್ಲ. ಫಲಕ ನೆಟ್ಟು ಲಾರಿಗಳನ್ನು ತಡೆಯದಿರುವುದು ಅಪಾಯವನ್ನು ದಾಖಲಿಸಿದ ಹಾಗಾಯಿತೇ ಹೊರತು ತಗ್ಗಿಸಿದಂತಾಗಲಿಲ್ಲ.

ಮುಚ್ಚಿದರೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಜರ್ಮನಿಯ ಎ45 ಹೆದ್ದಾರಿಯ ರಾಮೆಡೆ ಸೇತುವೆಯನ್ನು 2021ರ ಡಿಸೆಂಬರ್ 2ರಂದು ಮುಚ್ಚಿ, 2023ರ ಮೇ 7ರಂದು ಸ್ಫೋಟಿಸಿ ಕೆಡವಲಾಯಿತು. ಅಷ್ಟು ದಿನ, ಅದರಾಚೆಗೂ, ಹೆದ್ದಾರಿಯ ಲಾರಿಗಳು ಲ್ಯೂಡನ್‌ಶೈಡ್ ಪಟ್ಟಣದ ಒಳರಸ್ತೆಗಳಲ್ಲಿ ಸಾಗಿದವು. ಸುತ್ತಿನ ಕಾರ್ಖಾನೆಗಳಿಗೆ ಸರಕು ತಡವಾಯಿತು, ಮನೆಗಳ ಮುಂದೆ ರಾತ್ರಿಯಿಡೀ ಸದ್ದು. ಈ ನಷ್ಟ ಯಾವ ಬಜೆಟ್ಟಿನಲ್ಲೂ ಖರ್ಚಿನ ಸಾಲಾಗಿ ಕಾಣುವುದಿಲ್ಲ. ಕಾಣದಿರುವುದರಿಂದಲೇ ದುರಸ್ತಿಯನ್ನು ಮುಂದೂಡಿದರೆ ಉಳಿತಾಯ ಎಂಬ ಭ್ರಮೆ ಹುಟ್ಟುವುದು.

ಸೇತುವೆ ಯಾರದ್ದು, ಹಣ ಯಾರದ್ದು

ನಗರದ ಸೇತುವೆಗಳ ವಿಶೇಷ ತೊಡಕು ಒಡೆತನದ್ದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆ ಇದಕ್ಕೆ ಒಳ್ಳೆಯ ಉದಾಹರಣೆ. 1887ರಲ್ಲಿ ತೆರೆದ ಈ ತೂಗುಸೇತುವೆಯ ಮೇಲೆ ದಿನಕ್ಕೆ ಸುಮಾರು 22 ಸಾವಿರ ವಾಹನಗಳು ಓಡುತ್ತಿದ್ದವು. ಸರಪಳಿಯ ಭಾರ ಹೊರುವ ಎರಕದ ಕಬ್ಬಿಣದ ಪೀಠಗಳಲ್ಲಿ ಬಿರುಕು ಕಂಡು 2019ರ ಏಪ್ರಿಲ್‌ನಲ್ಲಿ ವಾಹನಗಳನ್ನು ತಡೆದರು. 2020ರ ಆಗಸ್ಟಿನ ಬಿಸಿಲಿಗೆ ಬಿರುಕು ಹಿಗ್ಗಿದಾಗ ನಡೆದು ಹೋಗುವವರನ್ನೂ, ಕೆಳಗಿನ ದೋಣಿಗಳನ್ನೂ ತಡೆಯಬೇಕಾಯಿತು. ಪಾದಚಾರಿಗಳಿಗೂ ಸೈಕಲ್ಲಿಗೂ ಮರುವರ್ಷ ದಾರಿ ತೆರೆಯಿತು. ಕಾರು, ಬಸ್ಸುಗಳಿಗೆ ವರ್ಷಗಳು ಕಳೆದರೂ ತೆರೆಯಲಿಲ್ಲ.

ಎಂಜಿನಿಯರುಗಳಿಗೆ ಏನು ಮಾಡಬೇಕೆಂದು ಗೊತ್ತಿಲ್ಲ ಎಂಬುದು ಕಾರಣವಲ್ಲ. ಸೇತುವೆಯ ಒಡೆತನ ಇರುವುದು ಲಂಡನ್ನಿನ ಒಂದು ಸ್ಥಳೀಯ ಆಡಳಿತದ ಬಳಿ. ಪೂರ್ಣ ದುರಸ್ತಿಗೆ 25 ಕೋಟಿ ಪೌಂಡ್‌ವರೆಗೆ ಆಗಬಹುದೆಂಬ ಅಂದಾಜು ಅಂಥ ಸಂಸ್ಥೆಯ ಶಕ್ತಿ ಮೀರಿದ್ದು. ಸೇತುವೆ ಬಳಸುವವರು ಬಹುಪಾಲು ಬೇರೆ ಭಾಗಗಳ ಜನ, ನಾವೇ ಯಾಕೆ ಕೊಡಬೇಕು ಎಂಬುದು ಸ್ಥಳೀಯ ತೆರಿಗೆದಾರರ ವಾದ. ಒಡೆಯರು ನೀವು, ಹೊಣೆಯೂ ನಿಮ್ಮದೇ ಎಂಬುದು ಮೇಲಿನವರದ್ದು. ಸ್ಥಳೀಯ ಆಡಳಿತ, ನಗರದ ಸಾರಿಗೆ ಸಂಸ್ಥೆ, ರಾಷ್ಟ್ರ ಸರ್ಕಾರ ಮೂವರೂ ಮೂರನೇ ಒಂದೊಂದು ಪಾಲು ಎಂಬ ಮಾತು ಬಂತು. ಆ ಪಾಲನ್ನು ಎಲ್ಲಿಂದ ತರಬೇಕೆಂಬುದರಲ್ಲಿ ವರ್ಷಗಳು ಹೋದವು. ಎಲ್ಲರ ವಾದದಲ್ಲೂ ಸ್ವಲ್ಪ ನ್ಯಾಯವಿದೆ. ಲಾಭ ಇಡೀ ನಗರಕ್ಕೆ ಹರಡಿ, ಹೊರೆ ಒಂದು ಮೂಲೆಗೆ ಬಿದ್ದಾಗ ಹೀಗೇ ಆಗುತ್ತದೆ.

ಸವೆಯಲು ಬಿಟ್ಟರೆ ಅನುದಾನ, ಕಾಪಾಡಿದರೆ ಇಲ್ಲ

ಹಣ ತರುವ ದಾರಿಗಳು ಕೆಲವೇ. ತೆರಿಗೆ, ಸಾಲ, ಟೋಲ್, ಖಾಸಗಿ ಗುತ್ತಿಗೆ, ಮೇಲಿನ ಸರ್ಕಾರದ ಅನುದಾನ. ಪ್ರತಿಯೊಂದರ ಬೆನ್ನಿಗೂ ವಾದಿಸುವವರಿದ್ದಾರೆ.

ಇಂಧನ ತೆರಿಗೆ ನ್ಯಾಯವಾದದ್ದು, ಹೆಚ್ಚು ಓಡಿಸುವವರು ಹೆಚ್ಚು ಕೊಡುತ್ತಾರೆ ಎಂಬ ಮಾತಿದೆ. ಆದರೆ ಅಮೆರಿಕದಲ್ಲಿ ಕೇಂದ್ರದ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 18.4 ಸೆಂಟಿನಲ್ಲಿ 1993ರಿಂದ ನಿಂತಿದೆ. ಸಿಮೆಂಟು, ಉಕ್ಕಿನ ಬೆಲೆ ನಿಂತಿಲ್ಲ. ವಿದ್ಯುತ್ ವಾಹನ ಹೆಚ್ಚಿದಂತೆ ಆ ಮೂಲ ಇನ್ನಷ್ಟು ಬತ್ತುತ್ತದೆ. ಟೋಲ್ ಹಾಕಿದರೆ ಹಣ ಆ ಸೇತುವೆಗೇ ಸಿಗಬಹುದು, ಆದರೆ ಬೇರೆ ದಾರಿಯಿಲ್ಲದ ಬಡ ಬಡಾವಣೆಯವರಿಗೆ ಅದು ದಿನದ ದಂಡ. ನ್ಯೂಯಾರ್ಕ್ ನಗರ 1911ರಲ್ಲಿ ಈಸ್ಟ್ ನದಿಯ ಸೇತುವೆಗಳ ಸುಂಕ ತೆಗೆಯಿತು. 1975ರ ಆರ್ಥಿಕ ಬಿಕ್ಕಟ್ಟಿನಲ್ಲಿ ನಿರ್ವಹಣೆಗೂ ಕತ್ತರಿ ಬಿತ್ತು. 1988ರ ಏಪ್ರಿಲ್‌ನಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆಯನ್ನು ಎರಡು ತಿಂಗಳ ಮಟ್ಟಿಗೆ ಮುಚ್ಚುವ ಸ್ಥಿತಿ ಬಂತು.

ಖಾಸಗಿಗೆ ಕೊಟ್ಟರೆ ಶಿಸ್ತು ಬರುತ್ತದೆ ಎನ್ನುವವರು ಇಟಲಿಯ ಜಿನೋವಾದ ಮೊರಾಂಡಿ ಸೇತುವೆಯನ್ನು ನೆನೆಯಬೇಕು. ಟೋಲ್ ವಸೂಲಿಯ ಖಾಸಗಿ ಗುತ್ತಿಗೆಯಲ್ಲಿದ್ದ ಅದು 2018ರ ಆಗಸ್ಟ್ 14ರಂದು ಬಿದ್ದು 43 ಜನ ಸತ್ತರು. ಮೂರು ಗೋಪುರಗಳಲ್ಲಿ ಒಂದರ, ಸೇತುವೆಯನ್ನು ಎತ್ತಿಹಿಡಿಯುವ ಕಟ್ಟುಗಳನ್ನು 1990ರ ದಶಕದಲ್ಲೇ ಬಲಪಡಿಸಲಾಗಿತ್ತು. ಉಳಿದ ಎರಡರ ಕೆಲಸಕ್ಕೆ ಯೋಜನೆ ಸಿದ್ಧವಾಗಿತ್ತು, ಶುರುವಾಗಿರಲಿಲ್ಲ. ಬಿದ್ದದ್ದು ಆ ಎರಡರಲ್ಲಿ ಒಂದು. ಗುತ್ತಿಗೆದಾರನಿಗೆ ನಿರ್ವಹಣೆಯ ಖರ್ಚೆಲ್ಲ ಲಾಭದಿಂದ ಕಳೆಯುವ ಮೊತ್ತ. ಹೊರಗಿನ ಕಟ್ಟುನಿಟ್ಟಿನ ಮೇಲ್ವಿಚಾರಣೆ ಇಲ್ಲದ ಗುತ್ತಿಗೆ ಸಮಸ್ಯೆಯನ್ನು ಸ್ಥಳಾಂತರಿಸುತ್ತದೆ, ಬಿಡಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹಾನಿಕರವಾದದ್ದು ಅನುದಾನದ ರಚನೆಯಲ್ಲಿ ಅಡಗಿರುವ ತಿರುವು. ಬಹುತೇಕ ಕಡೆ ಹೊಸ ಸೇತುವೆ ಬಂಡವಾಳ ವೆಚ್ಚ. ಅದಕ್ಕೆ ಸಾಲ ಸಿಗುತ್ತದೆ, ಮೇಲಿನಿಂದ ಅನುದಾನ ಬರುತ್ತದೆ, ಉದ್ಘಾಟನೆಯೂ ಇರುತ್ತದೆ. ಜಾಯಿಂಟ್ ಬದಲಿಸುವುದು, ಕಿಂಡಿ ಬಿಡಿಸುವುದು, ಬಣ್ಣ ಬಳಿಯುವುದು ನಗರದ ಸ್ವಂತ ವಾರ್ಷಿಕ ಆದಾಯದಿಂದ ಆಗಬೇಕಾದ ಖರ್ಚು. ಅಮೆರಿಕದಲ್ಲಿ 1978ರಿಂದ ದಶಕಗಳ ಕಾಲ ನಡೆದ ಯೋಜನೆಯಲ್ಲಿ, ಬೇರೊಂದು ಅಳತೆಯಲ್ಲಿ ನೂರಕ್ಕೆ ಐವತ್ತಕ್ಕಿಂತ ಕಡಿಮೆ ಅಂಕ ಬಂದ ಸೇತುವೆಯನ್ನು ಬದಲಿಸಲು ಕೇಂದ್ರದ ಹಣ ಸಿಗುತ್ತಿತ್ತು. ಲೆಕ್ಕ ಬಲ್ಲ ಯಾವ ನಗರಾಡಳಿತಕ್ಕಾದರೂ ಅರ್ಥವಾಗುವ ಸಂಗತಿ ಇದು: ಕಾಪಾಡಿಕೊಂಡರೆ ಪೂರ್ತಿ ಖರ್ಚು ನಮ್ಮದು, ಕೆಡಲು ಬಿಟ್ಟರೆ ಬಹುಪಾಲು ಖರ್ಚು ಬೇರೆಯವರದ್ದು. ಇದನ್ನು ಯಾರೂ ಕೆಟ್ಟ ಉದ್ದೇಶದಿಂದ ಮಾಡಬೇಕಾಗಿಲ್ಲ. ನಿಯಮವೇ ಆ ಕಡೆ ತಳ್ಳುತ್ತದೆ. ಆಮೇಲೆ ನಿಯಮ ಸಡಿಲವಾಗಿ ತಡೆಗಟ್ಟುವ ನಿರ್ವಹಣೆಗೂ ಹಣ ಬಳಸಲು ಅವಕಾಶವಾಯಿತು. 2021ರ ಮೂಲಸೌಕರ್ಯ ಕಾನೂನು ಸೇತುವೆಗಳಿಗೆಂದೇ ಐದು ವರ್ಷಕ್ಕೆ 27.5 ಶತಕೋಟಿ ಡಾಲರನ್ನು ರಾಜ್ಯಗಳಿಗೆ ಹಂಚಿತು, ಅದರಲ್ಲಿ ಸ್ಥಳೀಯ ಸೇತುವೆಗಳಿಗೆ ಒಂದು ಪಾಲನ್ನು ಬೇರೆಯೇ ತೆಗೆದಿಟ್ಟಿತು.

ಮೊದಲು ಯಾವುದಕ್ಕೆ ಕೈ ಹಾಕುವುದು

ಹಣ ಬಂದರೂ ಜಗಳ ಮುಗಿಯುವುದಿಲ್ಲ. ಅತಿ ಕೆಟ್ಟದ್ದನ್ನು ಮೊದಲು ಸರಿಪಡಿಸಿ ಎಂಬುದು ಸಹಜ ಬೇಡಿಕೆ. ಸೇತುವೆ ಎಂಜಿನಿಯರುಗಳಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ.

ಐವತ್ತು ಸೇತುವೆಗಳಿರುವ ಒಂದು ನಗರವನ್ನು ಊಹಿಸಿಕೊಳ್ಳೋಣ. ವರ್ಷದ ಹಣ ಒಂದು ಸೇತುವೆಯನ್ನು ಹೊಸದಾಗಿ ಕಟ್ಟಲು ಸಾಕು, ಅಥವಾ ಇನ್ನೂ ಗಟ್ಟಿಯಿರುವ ಹತ್ತು ಸೇತುವೆಗಳ ಜಾಯಿಂಟು, ಬೇರಿಂಗು, ಜಲನಿರೋಧಕ ಪದರ ಬದಲಿಸಲು ಸಾಕು. ಪ್ರತಿ ವರ್ಷ ಕೆಟ್ಟದ್ದನ್ನೇ ಆರಿಸಿದರೆ ಐದು ವರ್ಷದಲ್ಲಿ ಐದು ಹೊಸ ಸೇತುವೆಗಳಾಗುತ್ತವೆ. ಅಷ್ಟರಲ್ಲಿ ಕೈಬಿಟ್ಟ ನಲವತ್ತೈದರಲ್ಲಿ ಹಲವು ಕೆಟ್ಟವುಗಳ ಸಾಲಿಗೆ ಇಳಿದಿರುತ್ತವೆ, ಸಾಲು ಉದ್ದವಾಗಿರುತ್ತದೆ. ಗಟ್ಟಿಯಿರುವುದನ್ನು ಗಟ್ಟಿಯಾಗಿಯೇ ಉಳಿಸಿದರೆ ಸಾಲು ಬೆಳೆಯುವುದು ನಿಲ್ಲುತ್ತದೆ. ಆದರೆ ಈ ದಾರಿಯಲ್ಲೊಂದು ರಾಜಕೀಯ ಕಷ್ಟವಿದೆ. ಚೆನ್ನಾಗಿ ಕಾಣುವ ಸೇತುವೆಗೆ ಹಣ ಸುರಿದು, ಸಿಮೆಂಟು ಉದುರುತ್ತಿರುವುದನ್ನು ಭಾರದ ಮಿತಿ ಹಾಕಿ ಕಾಯಲು ಬಿಡುವುದನ್ನು ಜನರಿಗೆ ವಿವರಿಸುವ ಎದೆಗಾರಿಕೆ ಬೇಕು. ಆ ಕಾಯುವ ಸೇತುವೆ ನಿಜಕ್ಕೂ ಸುರಕ್ಷಿತ ಎಂಬ ಖಾತರಿಯೂ ಬೇಕು. ಹಾಗಾಗಿ ಬೀಳುವ ಅಪಾಯವಿರುವುದಕ್ಕೆ ಚರ್ಚೆಯಿಲ್ಲದೆ ಮೊದಲ ಹಣ, ಉಳಿದುದರಲ್ಲಿ ದೊಡ್ಡ ಪಾಲು ಕಾಪಾಡುವುದಕ್ಕೆ ಎಂಬ ಮಿಶ್ರ ದಾರಿಯೇ ಆಚರಣೆಯಲ್ಲಿ ನಿಲ್ಲುವಂಥದ್ದು.

ವಿಳಂಬದ ಬೆಲೆಯ ಬಗ್ಗೆ ಡಿ ಸಿಟರ್ ಎಂಬ ಎಂಜಿನಿಯರ್ 1984ರಲ್ಲಿ ಹೇಳಿದ ‘ಐದರ ನಿಯಮ’ ಇಂದಿಗೂ ಬಳಕೆಯಲ್ಲಿದೆ. ಕಟ್ಟುವಾಗ ಒಂದು ರೂಪಾಯಿಯಲ್ಲಿ ತಡೆಯಬಹುದಾದ ಹಾನಿಗೆ ನಿರ್ವಹಣೆಯ ಹಂತದಲ್ಲಿ ಐದು, ದುರಸ್ತಿಯ ಹಂತದಲ್ಲಿ ಇಪ್ಪತ್ತೈದು, ಮರುನಿರ್ಮಾಣದ ಹಂತದಲ್ಲಿ ನೂರಿಪ್ಪತ್ತೈದು ಎಂಬ ಅಂದಾಜು. ಪ್ರತಿ ಸೇತುವೆಗೂ ಇದೇ ಅಂಕಿ ಹೊಂದುತ್ತದೆಂದಲ್ಲ. ಫರ್ನ್ ಹಾಲೋದಲ್ಲಿ ಮುಚ್ಚಿಹೋದ ಕಿಂಡಿಗಳ ಜಾಗದಲ್ಲಿ ಕೊನೆಗೆ ಬಂದದ್ದು ಸುಮಾರು 2.5 ಕೋಟಿ ಡಾಲರಿನ ಹೊಸ ಸೇತುವೆ.

ಮುಂದೆ ಏನಾಗಬಹುದು

ಎರಡನೇ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಜಗತ್ತಿನ ಹಲವು ನಗರಗಳು ಒಟ್ಟೊಟ್ಟಿಗೆ ಸೇತುವೆ ಕಟ್ಟಿದವು. ಹಾಗಾಗಿ ಅವಕ್ಕೆ ವಯಸ್ಸಾಗುತ್ತಿರುವುದೂ ಒಟ್ಟಿಗೇ. ಮುಂದಿನ ವರ್ಷಗಳಲ್ಲಿ ಮುಚ್ಚುಗಡೆಯ ಸುದ್ದಿಗಳು ಹೆಚ್ಚುವುದು ಬಹುತೇಕ ಖಚಿತ. ತಪಾಸಣೆ ಸುಧಾರಿಸಿದಷ್ಟೂ ಅವು ಹೆಚ್ಚುತ್ತವೆ, ಯಾಕೆಂದರೆ ಇಷ್ಟು ದಿನ ಕಾಣದಿದ್ದದ್ದು ಕಾಣತೊಡಗುತ್ತದೆ. ಅದನ್ನು ವೈಫಲ್ಯವೆಂದು ಓದಿ, ಮುಚ್ಚಿದ ಅಧಿಕಾರಿಯ ಮೇಲೆ ಹರಿಹಾಯ್ದರೆ ಮುಂದಿನ ಅಧಿಕಾರಿ ಅನುಮಾನವಿದ್ದರೂ ತೆರೆದಿಡುತ್ತಾನೆ.

ಹಣ ಮಂಜೂರಾದರೂ ಕೆಲಸ ಮಾಡುವವರ ಕೊರತೆ ಎದುರಾಗುತ್ತದೆ. ಹಳೆಯ ಸೇತುವೆಯನ್ನು ಸಂಚಾರದ ನಡುವೆಯೇ ದುರಸ್ತಿ ಮಾಡಬಲ್ಲ ಎಂಜಿನಿಯರುಗಳನ್ನು, ಕೇಬಲ್ ಬದಲಿಸಬಲ್ಲ ನುರಿತ ತಂಡಗಳನ್ನು ಒಂದೆರಡು ವರ್ಷದಲ್ಲಿ ತಯಾರು ಮಾಡಲಾಗದು. ಒಮ್ಮೆ ಪ್ರವಾಹದಂತೆ ಬಂದು ಮತ್ತೆ ಬತ್ತುವ ಅನುದಾನಕ್ಕಿಂತ ಮೊತ್ತ ಚಿಕ್ಕದಾದರೂ ಪ್ರತಿ ವರ್ಷ ತಪ್ಪದೆ ಬರುವ ಹಣ ಇಲ್ಲಿ ಹೆಚ್ಚು ಉಪಯುಕ್ತ. ಅದನ್ನು ನಂಬಿ ಗುತ್ತಿಗೆದಾರರು ಯಂತ್ರ ಕೊಳ್ಳುತ್ತಾರೆ, ನಗರಗಳು ಸ್ವಂತ ಎಂಜಿನಿಯರುಗಳನ್ನು ಉಳಿಸಿಕೊಳ್ಳುತ್ತವೆ.

ನಾಗರಿಕರು ಕೇಳಬಹುದಾದ ಪ್ರಶ್ನೆಗಳೂ ಬದಲಾಗಬೇಕು. ಸೇತುವೆಯ ತಪಾಸಣೆ ಆಗಿದೆಯೇ ಎಂಬ ಪ್ರಶ್ನೆಗೆ ‘ಆಗಿದೆ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಹಿಂದಿನ ವರದಿಯ ಯಾವ ಶಿಫಾರಸು ಈ ಬಾರಿಯೂ ಹಾಗೇ ಉಳಿದಿದೆ, ಅದಕ್ಕೆ ಹೊಣೆಗಾರ ಯಾವ ಹುದ್ದೆ, ಭಾರದ ಲೆಕ್ಕ ಕಡೆಯದಾಗಿ ಹಾಕಿದ್ದು ಯಾವಾಗ, ಆಮೇಲೆ ಡಾಂಬರಿನ ಎಷ್ಟು ಪದರ ಬಿದ್ದಿದೆ ಎಂದು ಕೇಳಿದರೆ ಕಡತ ತೆರೆಯಲೇಬೇಕಾಗುತ್ತದೆ. ತಪಾಸಣಾ ವರದಿಗಳನ್ನು ಪೂರ್ತಿಯಾಗಿ ಸಾರ್ವಜನಿಕರ ಮುಂದಿಡಲು ಹಿಂಜರಿಯುವ ಆಡಳಿತಗಳು ಜನ ಗಾಬರಿಯಾಗುತ್ತಾರೆ ಎಂಬ ಕಾರಣ ಕೊಡುತ್ತವೆ. ಆದರೆ ಫರ್ನ್ ಹಾಲೋದ ಕಾಲಿಗಿದ್ದ ಅಡ್ಡಪಟ್ಟಿಯೊಂದು ತುಕ್ಕು ತಿಂದು ಕಳಚಿಕೊಂಡಿರುವ ಚಿತ್ರವನ್ನು ಕಣಿವೆಯಲ್ಲಿ ನಡೆದು ಹೋಗುತ್ತಿದ್ದ ನಾಗರಿಕರೊಬ್ಬರು 2018ರಲ್ಲೇ ನಗರಾಡಳಿತಕ್ಕೆ ಕಳಿಸಿದ್ದರು, ಕುಸಿತಕ್ಕೆ ಮೂರು ವರ್ಷಕ್ಕೂ ಮೊದಲು.